ಹಾಸ್ಟೆಲಿಗೆ ಹೊಂಟ ಮಗಳ ಶುಗರ್ ಚೆಕ್: ಸ್ಟ್ರಿಪ್ಪೋ, ಸೆನ್ಸರೋ?

ಕೇಳಿದವರು, ಹಾವೇರಿ: ಮಗಳಿಗೆ 17, ಟೈಪ್ 1 ಸಕ್ಕರಿ ಕಾಯಿಲೆ, ಇನ್ಸುಲಿನ್ ಬೇಕಬೇಕು. ಜೂನಿನಾಗ ಧಾರವಾಡದ ಹಾಸ್ಟೆಲಿಗೆ ಹೊಂಟಾಳ. ದಿನಕ್ಕ ಆರು ಸಲ ಚೆಕ್ ಮಾಡಬೇಕು. ಬೆರಳು ಚುಚ್ಚಿ ರಕ್ತ ಹಚ್ಚೂ ಸ್ಟ್ರಿಪ್ ಸಾಕೋ, ತೋಳಿಗೆ ಹಚ್ಚೂ ಸೆನ್ಸರ್ ಬೇಕೋ? ರಾತ್ರಿ ರೂಮಿನಾಗ ಒಬ್ಬಾಕಿನ ಇರತಾಳ.

ಬೆಟಗೇರಿ: ಸ್ಟ್ರಿಪ್. ಲೆಕ್ಕ ನೋಡ್ರಿ. ದಿನಕ್ಕ 6 ಅಂದ್ರ ವರ್ಷಕ್ಕ 2190, ಎರರ್ ಬಂದು ಹಾಳಾಗೂವು ತಿಂಗಳಿಗೆ ಹತ್ತು. 50ರ ಡಬ್ಬಿ ನಮಗ 900ಕ್ಕ ಬೀಳತೈತಿ. 47 ಡಬ್ಬಿ, 42,300. ಸೆನ್ಸರ್ 14 ದಿನಕ್ಕೊಂದು, ವರ್ಷಕ್ಕ 26. ಐದೈದು ಸಾವಿರ ಹಿಡದ್ರ 1,30,000.

ಸ್ಟ್ರಿಪ್ ಸುಳ್ಳು ಹೇಳತೈತಿ ಅನ್ನೂ ಮಂದಿ ಕೈ ತೊಳಿಯಂಗಿಲ್ಲ. ಬಾಳಿಹಣ್ಣು ಸುಲದ ಬೆರಳು 110 ಇದ್ದದ್ದನ್ನ 200 ದಾಟಸಬಹುದು. ಸ್ಯಾನಿಟೈಸರ್‌ಗೆ ಆ ಸಕ್ಕರಿ ಹೋಗಂಗಿಲ್ಲ. ಸಬಕಾರ ಹಚ್ಚಿ ತೊಳದು ಪೂರ್ತಿ ಒಣಗಸ್ರಿ. ಚುಚ್ಚೂದು ಬೆರಳಿನ ನಟ್ಟನಡುವ ಅಲ್ಲ, ಮಗ್ಗಲಕ್ಕ. ರಕ್ತ ಬರ್ಲಿಲ್ಲಂತ ಜೋರಾಗಿ ಹಿಂಡಿದ್ರ ಮಾಂಸದಾಗಿನ ನೀರು ಕೂಡಿ ಅಂಕಿ ತಪ್ಪತೈತಿ. ಕೈ ಜೋತುಬಿಟ್ಟು ಅಂಗೈಯಿಂದ ನೀವ್ರಿ.

ವಿದ್ಯಾನಗರ, ಹುಬ್ಬಳ್ಳಿ: 42,300 ಅಂತ ಹೆಮ್ಮಿಲೆ ಬರದೀರಿ, ರಾತ್ರಿ ಎರಡಕ್ಕ ಯಾರು ಎದ್ದು ಚುಚ್ಚಬೇಕ್ರಿ? ಸ್ಟ್ರಿಪ್ಪಿನಾಗ 120 ಬಂತು, ಏರಾಕತ್ತೈತೋ ಇಳ್ಯಾಕತ್ತೈತೋ? ಸೆನ್ಸರಿನ ಬಾಣ ಅದನ್ನ ಹೇಳತೈತಿ. ಆದ್ರ ಶುಗರ್ ಇಳದ್ರ ಹೊಡಿಯೂ ಅಲಾರಂ ಎಲ್ಲಾ ಮಾಡೆಲ್ಲಿಗೂ ಇಲ್ಲ, ಕೇಳಿ ತಗೊಳ್ರಿ. ಹಳೇದು ಸ್ಕ್ಯಾನ್ ಮಾಡಿದ್ರಷ್ಟ ಹೇಳತೈತಿ, 8 ತಾಸು ಬಿಟ್ರ ಅದರ ಹಿಂದಿನ ದಾಖಲೆ ಹೋಗತೈತಿ.

ಬೆವರಿಗೆ ನಮ್ಮವು ಒಂದ ಬ್ಯಾಸಿಗ್ಯಾಗ ಮೂರು ಸೆನ್ಸರ್ ಕಿತ್ತವು. 15,000! ಹಚ್ಚೂ ಮುಂದ ತೋಳಿಗೆ ಎಣ್ಣಿ, ಕ್ರೀಮ್ ಇರಬಾರದು. ಸ್ಪಿರಿಟ್‌ಲೆ ಒರಸಿ, ಒಣಗಸಿ, ಆಮ್ಯಾಲ ಹಚ್ರಿ. ಮ್ಯಾಲೊಂದು ಪ್ಯಾಚ್ ಅಂಟಸ್ರಿ.

ಬೆಟಗೇರಿ: ಅಲಾರಂ ಹೊಡದದ್ದೆಲ್ಲಾ ಖರೇ ಏನು? ಅದ ತೋಳಿನ ಮ್ಯಾಲ ಹೊರಳಿ ಮಲಗಿದ್ರ ಒತ್ತಿಗಿ ಸುಳ್ಳ 55 ತೋರಸತೈತಿ. ಮೊದಲನೇ ದಿನ ಅಂತೂ ನಂಬಂಗಿಲ್ಲ. ಶುಗರ್ ಗಬಗಬ ಏರುವಾಗ ಇಳಿಯುವಾಗ ಸೆನ್ಸರ್ ರಕ್ತಕ್ಕಿಂತ ಐದು-ಹತ್ತು ನಿಮಿಷ ಹಿಂದ. ಕಡೀಕ ಖಾತ್ರಿಗೆ ಸ್ಟ್ರಿಪ್ಪ ಬೇಕಲ್ಲ?

ವಿದ್ಯಾನಗರ: ಸ್ಟ್ರಿಪ್ ಬ್ಯಾಡಂತ ಯಾರಂದ್ರು? ಓದಿ ಬರೀರಿ. ತಿಂಗಳಿಗೊಂದು ಡಬ್ಬಿ ನಾವೂ ಇಡತೀವಿ. ನಿಮ್ಮ ಸ್ಟ್ರಿಪ್ ಓದೂ ಮೀಟರೇನು ಸತ್ಯಹರಿಶ್ಚಂದ್ರ ಅಲ್ಲ, ನಿಯಮದಾಗ ಶೇ. 15 ಆಚೆ-ಈಚೆ ನಡಿತೈತಿ. ಖರೇ 200 ಇದ್ರ 170 ತೋರಸಿದ್ರೂ ಪಾಸು.

ಮೆಡಿಕಲ್ ಅಂಗಡಿ, ರಾಣೆಬೆನ್ನೂರು: ಜಗಳದಲ್ಲಿ ಡಬ್ಬಿಯ ಮಾತೇ ಬಿಟ್ಟಿರಿ. ತೆರೆದ ದಿನ ಮುಚ್ಚಳದ ಮೇಲೆ ತಾರೀಖು ಬರೆಯಿರಿ. ತೆರೆದ ಮೇಲೆ ಕೆಲವು ಕಂಪನಿಯವು 3 ತಿಂಗಳು, ಕೆಲವು 6 ತಿಂಗಳು ಮಾತ್ರ. ಇನ್ಸುಲಿನ್ ಜೊತೆ ಫ್ರಿಜ್ಜಿನಲ್ಲಿ ಇಡಬೇಡಿ, ತೇವಕ್ಕೆ ಕೆಡುತ್ತವೆ. ರಕ್ತ ಕಡಿಮೆ ಇರುವ ಹುಡುಗಿಯರಿಗೆ ಮೀಟರ್ ಇದ್ದದ್ದಕ್ಕಿಂತ ಹೆಚ್ಚು ತೋರಿಸಬಹುದು, ಹಿಮೋಗ್ಲೋಬಿನ್ ನೋಡಿಸಿ.

ನವಲಗುಂದ: ಇಷ್ಟ್ಯಾಕ ಗುದ್ದಾಡತೀರಿ? ಜ್ವಾಳದ ರೊಟ್ಟಿ ತಿಂದ್ರ ಶುಗರ್ ಏರಂಗನ ಇಲ್ಲ.

ವಿದ್ಯಾನಗರ: ಯಾರು ಹೇಳಿದ್ರೋ ಯಪ್ಪಾ! 50 ಗ್ರಾಂ ಹಿಟ್ಟಿನ ರೊಟ್ಟ್ಯಾಗ ಹತ್ರಹತ್ರ 35 ಗ್ರಾಂ ಕಾರ್ಬ್, ಅಂದ್ರ ಶುಗರ್ ಏರಸೂ ಪಿಷ್ಟ, ಐತಿ. ಟೈಪ್ 1 ಇದ್ದವರು ಅದಕ್ಕೂ ಇನ್ಸುಲಿನ್ ಎಣಸಬೇಕು.

ಕೇಳಿದವರು: ಅಣ್ಣಾರ, ರಾತ್ರಿ ಒಬ್ಬಾಕಿ ಇರತಾಳ ಅಂತ ಕೇಳಿದ್ದೆ.

ವಿದ್ಯಾನಗರ: ಮೊದಲ ವಾರ್ಡನ್‌ಗೆ ಕೇಳ್ರಿ, ರಾತ್ರಿ ಫೋನ್ ತಗದಿಟ್ಕೋತಾರೇನಂತ. ಹಂಗಿದ್ರ ಅಲಾರಂ ಇದ್ದೂ ಉಪಯೋಗಿಲ್ಲ. ಡಾಕ್ಟರ್ ಚೀಟಿ ಕೊಟ್ಟು ಪರವಾನಿಗಿ ತಗೊಳ್ರಿ. ಫೋನ್ ಮಗ್ಗಲದಾಗ ಇರಬೇಕು, ಸೈಲೆಂಟ್ ಬ್ಯಾಡ.

ಬೆಟಗೇರಿ: ತಲಿದಿಂಬಿನ ಕಡೆ ಮೀಟರ್, ಗ್ಲುಕೋಸ್ ಪುಡಿ ಇರ್ಲಿ. 70ರ ಕೆಳಗ ಬಂದ್ರ 15 ಗ್ರಾಂ ಪುಡಿ ಅಂದ್ರ ಮೂರು ಸಣ್ಣ ಚಮಚ, 15 ನಿಮಿಷಕ್ಕ ಮತ್ತ ಚೆಕ್. ಎಚ್ಚರ ತಪ್ಪಿದ್ರ ಬಾಯಾಗ ಏನೂ ಹಾಕಬಾರದು, ದವಾಖಾನಿಗೆ ಒಯ್ಯಬೇಕು. ಮಗ್ಗಲ ರೂಮಿನವರಿಗೂ ಹೇಳಿಡ್ರಿ.

ನವಲಗುಂದ: 50 ಗ್ರಾಂ ಹಿಟ್ಟಿನ ರೊಟ್ಟಿ ಯಾವ ಊರಾಗ ಮಾಡತಾರ್ರಿ? ಅದು ಹಪ್ಪಳ.