ಶನಿವಾರಸಂತೆಯಿಂದ ಆಪ್ತಸಮಾಲೋಚನೆ ಓದುವ ದಾರಿ ಯಾವುದು?

ಶನಿವಾರಸಂತೆ ಟೀಚರ್:
ನಮಸ್ಕಾರ. ನಾನು ಕೊಡಗಿನ ಶನಿವಾರಸಂತೆಯಲ್ಲಿ ಒಂದು ಖಾಸಗಿ ಹೈಸ್ಕೂಲಲ್ಲಿ ಸಮಾಜ ಪಾಠ ಮಾಡ್ತೇನೆ. ಮೈಸೂರು ಮಹಾರಾಜ ಕಾಲೇಜಲ್ಲಿ ಬಿ.ಎ. ಓದುವಾಗ ಮನಃಶಾಸ್ತ್ರವೂ ಇತ್ತು. ಏನಾದರೂ ಆದರೆ ಮಕ್ಕಳು ಮೊದಲು ನನ್ನ ಹತ್ತಿರ ಬರ್ತಾರೆ. ಕಾಫಿ ಕೊಯ್ಲು ಶುರುವಾದ ಮೇಲೆ ಲೈನ್‌ಮನೆಯ, ಅಂದರೆ ತೋಟದ ಕೆಲಸಗಾರರ ಸಾಲುಮನೆಗಳ ಮಕ್ಕಳಲ್ಲಿ ಕೆಲವರು ಶಾಲೆ ಕಡೆ ತಲೆಹಾಕೋದೇ ಇಲ್ಲ. ಬಂದ ದಿನ ಮನೆಯ ಕುಡಿತ, ಜಗಳ ಎಲ್ಲ ಹೊರಗೆ ಬರ್ತದೆ. ಒಂಬತ್ತನೇ ಕ್ಲಾಸಿನ ಒಬ್ಬಳು ಸೆಕೆಯಲ್ಲೂ ಸ್ವೆಟರ್ ಬಿಚ್ಚುತ್ತಿರಲಿಲ್ಲ, ಕಾರಣ ನನಗೆ ಮಾತ್ರ ಹೇಳಿದಳು. ಅವಳ ಅಮ್ಮನನ್ನು ಒಪ್ಪಿಸಿ ಮಡಿಕೇರಿಗೆ ಡಾಕ್ಟರ ಹತ್ತಿರ ಕಳಿಸಿದೆವು. ಔಷಧಿ ಸಿಕ್ಕಿತು. ಆದರೆ ವಾರ ವಾರ ಅವಳ ಜೊತೆ ಕೂತು ಮಾತಾಡುವವರು ನಮ್ಮೂರಲ್ಲಿ ಯಾರಿದ್ದಾರೆ? ಪ್ರೀತಿಯಿಂದ ನಾಲ್ಕು ಮಾತಾಡಿದರೆ ಸಾಕು ಅಂತಾರೆ ಹೆಡ್‌ಮಾಸ್ಟರು. ನನಗೆ ಅದು ಸಾಲದು. ಕಲಿತೇ ಮಾಡಬೇಕು.

ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಎಂ.ಎ. ಸೈಕಾಲಜಿ ಸೇರಿ, ಎರಡನೇ ವರ್ಷ ಕೌನ್ಸೆಲಿಂಗ್, ಅಂದರೆ ಆಪ್ತಸಮಾಲೋಚನೆ, ತಗೊಳ್ಳೋಣ ಅಂತಿದ್ದೆ. ಈಗ ದೂರಶಿಕ್ಷಣದಲ್ಲಿ ಅದು ನಿಂತಿದೆ ಅಂತಾರೆ, ಹೌದಾ? ಮನೆಯಲ್ಲಿ ಅತ್ತೆ ಇದ್ದಾರೆ, ತೋಟ ಇದೆ, ಎರಡು ವರ್ಷ ಹೊರಗಿರೋದು ಸುಲಭ ಅಲ್ಲ. ಇನ್ನೊಂದು ಮಾತು. ಮುಂದೆ ನಮ್ಮ ತಾಲೂಕಿನ ಟೀಚರ್‌ಗಳಿಗೂ ಇದನ್ನು ಹೇಳಿಕೊಡುವ ಆಸೆ ಇದೆ. ಅದಕ್ಕೆ ಬೇರೆ ಓದು ಇದೆಯಾ?

ವಿರಾಜಪೇಟೆಯವನು, ಈಗ ಮೈಸೂರು:
ಟೀಚರೇ, ನೀವು ಕೇಳಿದ್ದು ನಿಜ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ದೂರಶಿಕ್ಷಣ ಮತ್ತು ಆನ್‌ಲೈನ್‌ನಲ್ಲಿ ಮನಃಶಾಸ್ತ್ರಕ್ಕೆ ಹೊಸಬರನ್ನು ಸೇರಿಸಿಕೊಳ್ಳಬಾರದು ಅಂತ ಯುಜಿಸಿ ಹೇಳಿದೆ. 2021ರ ಆರೋಗ್ಯ ವೃತ್ತಿಪರರ ಆಯೋಗದ ಕಾಯ್ದೆಯಡಿ ಬರುವ ವಿಷಯಗಳಿಗೆಲ್ಲ ಈ ನಿಯಮ. ನಿಮ್ಮಂಥವರಿಗೆ ಇದರಿಂದ ಕಷ್ಟವಾಯಿತು, ಒಪ್ಪುತ್ತೇನೆ. ಆದರೂ ಈ ವಿದ್ಯೆ ಪುಸ್ತಕ ಓದಿ ಪರೀಕ್ಷೆ ಬರೆದರೆ ಬರುವುದಲ್ಲ.

ನಾನು ಕೌನ್ಸೆಲಿಂಗ್ ವಿದ್ಯಾರ್ಥಿಗಳಿಗೆ ಸೂಪರ್‌ವಿಷನ್ ಮಾಡುತ್ತೇನೆ, ಅಂದರೆ ಅವರ ಕೆಲಸ ನೋಡಿ ತಿದ್ದುತ್ತೇನೆ. ಅವರು ತಮ್ಮ ಹತ್ತಿರ ಸಲಹೆಗೆ ಬಂದವರ ಒಪ್ಪಿಗೆ ಪಡೆದು ಮಾತುಕತೆಯನ್ನು ರೆಕಾರ್ಡ್ ಮಾಡ್ತಾರೆ, ಆಮೇಲೆ ಒಂದಕ್ಷರ ಬಿಡದೆ ಬರೆದು ತರ್ತಾರೆ. ಇಬ್ಬರೂ ಕೂತು ಸಾಲು ಸಾಲಾಗಿ ನೋಡುತ್ತೇವೆ. 'ಹುಡುಗ ಅಪ್ಪ ಹೊಡೀತಾರೆ ಅಂದ, ನೀವು ಪರೀಕ್ಷೆ ವಿಷಯ ಯಾಕೆ ಎತ್ತಿದಿರಿ?' ಅಂತ ಕೇಳ್ತೇನೆ. ಉತ್ತರ ಹುಡುಕುತ್ತಾ ಅವರಿಗೆ ತಮ್ಮ ಭಯವೇ ಕಾಣಿಸ್ತದೆ. ಟೀಚರ್ ಆಗಿದ್ದವರಿಗೆ ಬುದ್ಧಿ ಹೇಳುವ ರೂಢಿ ಬಿಡಲು ಇನ್ನೂ ಹೆಚ್ಚು ಕಾಲ ಬೇಕು. ಹಾಗಾಗಿ ಯಾವ ಕಾಲೇಜಿಗೆ ಹೋದರೂ ಮೊದಲು ಇದನ್ನೇ ಕೇಳಿ: ನಾನು ಎಷ್ಟು ಗಂಟೆ ನಿಜವಾದ ಜನರ ಜೊತೆ ಕೂರುತ್ತೇನೆ, ಆ ಮಾತುಕತೆಯನ್ನು ಯಾರು ನೋಡ್ತಾರೆ? ಸರಿಯಾದ ಉತ್ತರ ಸಿಗದಿದ್ದರೆ ಕಟ್ಟಡ ಎಷ್ಟು ಚೆನ್ನಾಗಿದ್ದರೂ ಬೇಡ.

ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ಕೌನ್ಸೆಲಿಂಗ್ ಸೈಕಾಲಜಿಯಲ್ಲೇ ಎಂ.ಎಸ್ಸಿ. ಇದೆ, ಆದರೆ ಖರ್ಚು ನೋಡಿಕೊಳ್ಳಿ. ನಿಮಗೆ ಹತ್ತಿರ ಅಂದರೆ ಮಾನಸಗಂಗೋತ್ರಿ, ಮೈಸೂರು ವಿಶ್ವವಿದ್ಯಾಲಯದ ಮನಃಶಾಸ್ತ್ರ ವಿಭಾಗ. 1924ರಲ್ಲಿ ಎಂ.ವಿ. ಗೋಪಾಲಸ್ವಾಮಿ ಕಟ್ಟಿದ ವಿಭಾಗ ಅದು. ಅಲ್ಲಿಯ ಸ್ನಾತಕೋತ್ತರ ಪದವಿ ಇಡೀ ಮನಃಶಾಸ್ತ್ರದ್ದು, ಬರಿ ಕೌನ್ಸೆಲಿಂಗಿನದಲ್ಲ. ಎಂ.ಎಸ್ಸಿ. ಮುಗಿಸಿ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕುವ ಹಾಗಿಲ್ಲ, ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು.

ಗೋಣಿಕೊಪ್ಪದ ಹುಡುಗಿ, ಅಮೆರಿಕದಲ್ಲಿ ಓದು:
ಅಕ್ಕ, ಕೊನೆಯ ಪ್ರಶ್ನೆಗೆ ನಾನು ಹೇಳಬಲ್ಲೆ. ಇಲ್ಲಿ ಕೌನ್ಸೆಲರ್‌ಗಳನ್ನು ತಯಾರು ಮಾಡುವವರಿಗೇ ಪಿಎಚ್.ಡಿ. ಇದೆ, 'ಕೌನ್ಸೆಲರ್ ಎಜುಕೇಶನ್ ಅಂಡ್ ಸೂಪರ್‌ವಿಷನ್' ಅಂತ. ಕೌನ್ಸೆಲಿಂಗ್, ಸೂಪರ್‌ವಿಷನ್, ಪಾಠ ಮಾಡುವುದು, ಸಂಶೋಧನೆ, ಮುಂದಾಳತ್ವ ಐದನ್ನೂ ಕಲಿಸ್ತಾರೆ. ಕೋರ್ಸುಗಳಿಗೆ ಮಾನ್ಯತೆ ಕೊಡುವ ಕಾಕ್ರೆಪ್ ಸಂಸ್ಥೆ 1981ರಿಂದ ಇದೆ. ಅದರ ಪ್ರಕಾರ ಮಾಸ್ಟರ್ಸ್‌ಗೆ 60 ಕ್ರೆಡಿಟ್, 100 ಗಂಟೆ ಪ್ರಾಕ್ಟಿಕಮ್ ಅಂದರೆ ಮೊದಲ ಹಂತದ ಅಭ್ಯಾಸ, ಆಮೇಲೆ 600 ಗಂಟೆ ಇಂಟರ್ನ್‌ಶಿಪ್. ಆ 600ರಲ್ಲಿ ಕನಿಷ್ಠ 240 ಗಂಟೆ ಜನರ ಎದುರೇ ಕೂತಿರಬೇಕು. ಲೈಸೆನ್ಸ್ ಪ್ರತಿ ರಾಜ್ಯದ್ದು ಬೇರೆ. ಇದಕ್ಕಾಗಿ ಇಲ್ಲಿಗೆ ಬನ್ನಿ ಅಂತ ಹೇಳ್ತಾ ಇಲ್ಲ. ಸರ್ ಹೇಳಿದ ಪ್ರಶ್ನೆ ಕೇಳುವಾಗ ಈ ಲೆಕ್ಕ ಕೈಯಲ್ಲಿರಲಿ.

ಕುಶಾಲನಗರ ನರ್ಸ್:
ಓದು ಮುಗಿಯುವ ತನಕ ಆ ಹುಡುಗಿ ಕಾಯಬಾರದಲ್ಲ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ನಂಬರ್ ಅವಳ ಅಮ್ಮನಿಗೂ ಬರೆದುಕೊಡಿ. ಹದಿಹರೆಯದವರಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇರ್ತದೆ, ನಿಮ್ಮ ಕಡೆ ಯಾವ ದಿನ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. 2018ರ ಮಳೆಯಲ್ಲಿ ಮನೆ ಕಳಕೊಂಡವರು ಈಗಲೂ ಜೋರು ಮಳೆಗೆ ಎದ್ದು ಕೂರ್ತಾರೆ. ನಮ್ಮ ಜಿಲ್ಲೆಗೆ ಕೊಡವ ತಕ್ಕ್, ಅರೆಭಾಷೆ, ಯರವರ ಮಾತು ಬಲ್ಲ ಕೌನ್ಸೆಲರ್ ಬೇಕೇ ಬೇಕು. ದಯವಿಟ್ಟು ಓದಿ.

ಶನಿವಾರಸಂತೆ ಟೀಚರ್:
ನಂಬರ್ ಇವತ್ತೇ ಕೊಟ್ಟೆ. ಮನೆಯಲ್ಲೂ ಮಾತಾಡಿದೆ. ವಾರದ ಕೊನೆಗೆ ಊರಿಗೆ ಬರೋದಾದರೆ ಹಾಸ್ಟೆಲಲ್ಲಿರು ಅಂತ ಅತ್ತೆಯೇ ಹೇಳಿದರು. ಸರ್, ಇಂಟರ್ನ್‌ಶಿಪ್ ನಮ್ಮ ಜಿಲ್ಲೆಯಲ್ಲೇ ಮಾಡಲು ಬಿಡ್ತಾರಾ?

ವಿರಾಜಪೇಟೆಯವನು, ಈಗ ಮೈಸೂರು:
ಅದು ವಿಭಾಗದವರು ಒಪ್ಪಬೇಕು. ಅಲ್ಲಿ ನಿಮ್ಮನ್ನು ನೋಡಿಕೊಳ್ಳಲು ಅರ್ಹರು ಇದ್ದರೆ ಕೇಳುವುದರಲ್ಲಿ ತಪ್ಪಿಲ್ಲ, ಮಡಿಕೇರಿಯಲ್ಲಿ ಮೆಡಿಕಲ್ ಕಾಲೇಜೂ ಇದೆ. ಬಿ.ಎ. ಅಂಕಪಟ್ಟಿಗಳನ್ನೆಲ್ಲ ಹಿಡಿದುಕೊಂಡು ಒಂದು ದಿನ ಮಾನಸಗಂಗೋತ್ರಿಗೆ ಬನ್ನಿ. ಈಗ ಓದುತ್ತಿರುವ ಇಬ್ಬರನ್ನು ಪಕ್ಕಕ್ಕೆ ಕರೆದು ಮಾತಾಡಿಸಿ, ಆಮೇಲೆ ಅರ್ಜಿ ಹಾಕಿ.