ಅಳತೆ ಇಳಿಸಿದ ಮೇಲೆ ಚಿತ್ರ ಮಸುಕಾಗುತ್ತಿದೆ: ಶಾರ್ಪನ್ ಮಾಡುವುದು ಮೊದಲೋ, ಆಮೇಲೋ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರ ಚಿತ್ರಗಳನ್ನು 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ತೆಗೆದಿದ್ದೇನೆ. ಒಂದೊಂದೂ 6000 × 4000 ಪಿಕ್ಸೆಲ್ ಇದೆ. ಜಾಲತಾಣದಲ್ಲಿ ಹಾಕಲೆಂದು ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ 1200 × 800ಕ್ಕೆ ಇಳಿಸಿದರೆ, ಮೂಲದಲ್ಲಿ ಬಿಡಿಬಿಡಿಯಾಗಿ ಎಣಿಸಬಹುದಾದ ಕೊರಳ ಹಾರದ ಮಣಿಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ಇಳಿಸುವ ಮೊದಲೇ ಶಾರ್ಪನ್ ಮಾಡಿದರೂ (ಅಂದರೆ ಅಂಚುಗಳನ್ನು ಹರಿತಗೊಳಿಸಿದರೂ) ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ಸರಿಯಾದ ಕ್ರಮ ಯಾವುದೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಶಾರ್ಪನ್ ಮಾಡುವುದು ಯಾವಾಗಲೂ ಕೊನೆಯ ಹೆಜ್ಜೆಯಾಗಿರಲಿ. ನೀವು ಅಗಲವನ್ನೂ ಎತ್ತರವನ್ನೂ ಐದನೆಯ ಒಂದು ಭಾಗಕ್ಕೆ ಇಳಿಸುತ್ತಿರುವುದರಿಂದ, ಮೂಲದ ಸುಮಾರು 25 ಪಿಕ್ಸೆಲ್‌ಗಳ ಬಣ್ಣ ಬೆರೆತು ಹೊಸ ಚಿತ್ರದ ಒಂದೇ ಪಿಕ್ಸೆಲ್ ಆಗುತ್ತದೆ. ಮೊದಲೇ ಹರಿತಗೊಳಿಸಿದ ಅಂಚು ಆ ಬೆರಕೆಯಲ್ಲಿ ಕರಗಿಹೋಗುತ್ತದೆ. ಸ್ಕೇಲ್ ಇಮೇಜ್‌ನಲ್ಲಿ ಅಳತೆ ಇಳಿಸಿದ ಬಳಿಕ ಫಿಲ್ಟರ್ಸ್, ಎನ್ಹಾನ್ಸ್, ಅನ್‌ಶಾರ್ಪ್ ಮಾಸ್ಕ್‌ಗೆ ಹೋಗಿ. ಅಂಚಿನಿಂದ ಎಷ್ಟು ದೂರದವರೆಗೆ ಪರಿಣಾಮ ಎಂದು ಹೇಳುವುದು ರೇಡಿಯಸ್. ಅಲ್ಲಿ ತಾನಾಗಿಯೇ ಬರುವ ರೇಡಿಯಸ್ 3 ಇಷ್ಟು ಚಿಕ್ಕ ಚಿತ್ರಕ್ಕೆ ತೀರಾ ಹೆಚ್ಚು, ಏಕೆಂದರೆ ನಿಮ್ಮ ಮಣಿಗಳೇ ಈಗ ಕೆಲವು ಪಿಕ್ಸೆಲ್‌ಗಳಷ್ಟು ಅಗಲ ಉಳಿದಿರುತ್ತವೆ. ರೇಡಿಯಸ್ಸನ್ನು 0.5ರಿಂದ 0.8ರೊಳಗೆ ಇಟ್ಟು, ಹರಿತದ ಪ್ರಮಾಣವಾದ ಅಮೌಂಟನ್ನು 0.5ರಿಂದ ಮೆಲ್ಲಗೆ ಏರಿಸುತ್ತಾ ಹೋಗಿ. ಕೀಲಿಮಣೆಯ 1 ಒತ್ತಿ ಚಿತ್ರವನ್ನು ಶೇ. 100ರ ಅಳತೆಯಲ್ಲಿಯೇ ನೋಡಬೇಕು. ಬೇರೆ ಅಳತೆಯಲ್ಲಿ ಪರದೆ ತೋರಿಸುವುದನ್ನು ನಂಬಿ ತೀರ್ಮಾನಿಸುವಂತಿಲ್ಲ.

ಉತ್ತರ 2:
ವಿಂಡೋಸ್ ಬಳಸುವವರಾದರೆ ಇರ್ಫಾನ್‌ವ್ಯೂ ಎಂಬ ಚಿತ್ರ ನೋಡುವ ತಂತ್ರಾಂಶ ಸಾಕು. ಸ್ವಂತ ಬಳಕೆಗೆ ಅದು ಉಚಿತ. ಕಂಟ್ರೋಲ್ ಮತ್ತು ಆರ್ ಒತ್ತಿದರೆ ತೆರೆಯುವ ಕಿಟಕಿಯಲ್ಲಿ ರೀಸೈಜ್ ಬದಲು ರೀಸ್ಯಾಂಪಲ್ ಆರಿಸಿ, ಪಿಕ್ಸೆಲ್‌ಗಳನ್ನು ಬೆರೆಸುವ ಫಿಲ್ಟರ್ ಆಗಿ ಲ್ಯಾಂಕ್ಜೋಸ್ ಇಟ್ಟುಕೊಳ್ಳಿ. ರೀಸ್ಯಾಂಪಲ್ ಆದ ಮೇಲೆ ಶಾರ್ಪನ್ ಮಾಡುವ ಆಯ್ಕೆಯೂ ಅಲ್ಲೇ ಇದೆ. ಚಿತ್ರಗಳು ಬಹಳ ಇದ್ದರೆ ಬಿ ಒತ್ತಿ ಎಲ್ಲವನ್ನೂ ಒಟ್ಟಿಗೆ ಇಳಿಸಬಹುದು. ಆದರೆ ಹೊಸ ಕಡತಗಳಿಗೆ ಬೇರೆ ಫೋಲ್ಡರ್ ಕೊಡುವುದನ್ನು ಮರೆಯದಿರಿ. ಮೂಲದ ಮೇಲೆಯೇ ಉಳಿಸಿದರೆ 6000 ಪಿಕ್ಸೆಲ್‌ನ ಚಿತ್ರ ಮತ್ತೆ ಸಿಗುವುದಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಅಳತೆ ಇಳಿಸಿ 0.6 ರೇಡಿಯಸ್‌ನಲ್ಲಿ ಮಾಡಿದಾಗ ಹಾರದ ಮಣಿಗಳು ಬಿಡಿಯಾಗಿ ಕಂಡವು. ಆದರೆ ಆಕಾಶದೆದುರು ನಿಂತ ಶಿಲ್ಪದ ಅಂಚಿನಗುಂಟ ತೆಳುವಾದ ಬಿಳಿ ಗೆರೆ ಮೂಡಿದೆ. ಅದನ್ನು ಹೇಗೆ ತೆಗೆಯುವುದು?

ಉತ್ತರ 1:
ಅಂಚಿನ ಕಪ್ಪು ಭಾಗವನ್ನು ಇನ್ನಷ್ಟು ಕಪ್ಪಾಗಿಸಿ, ಬೆಳಕಿನ ಭಾಗವನ್ನು ಇನ್ನಷ್ಟು ಬೆಳ್ಳಗಾಗಿಸುವುದೇ ಶಾರ್ಪನ್ ಮಾಡುವ ವಿಧಾನ. ಆದ್ದರಿಂದ ಕಪ್ಪು ಕಲ್ಲು ಬೆಳಗುವ ಆಕಾಶವನ್ನು ಸಂಧಿಸುವಲ್ಲಿ ಈ ಗೆರೆ ಬರುತ್ತದೆ. ಗಿಂಪ್‌ನಲ್ಲಿ ಶಾರ್ಪನ್ ಮಾಡುವ ಮೊದಲೇ ಪದರದ (ಲೇಯರ್) ನಕಲು ಮಾಡಿ, ಕೆಳಗಿನ ಪದರದ ಮೇಲೆ ಮಾತ್ರ ಶಾರ್ಪನ್ ನಡೆಸಿ, ಮೇಲಿನ ನಕಲಿನ ಮೋಡ್ ಅನ್ನು, ಅಂದರೆ ಅದು ಕೆಳಗಿನ ಪದರದೊಂದಿಗೆ ಬೆರೆಯುವ ಬಗೆಯನ್ನು, ಡಾರ್ಕನ್ ಓನ್ಲಿ ಎಂದು ಬದಲಿಸಿ. ಬಿಳಿ ಗೆರೆ ಮಾಯವಾಗಿ ಕಪ್ಪಿನ ಕಡೆಯ ಹರಿತ ಮಾತ್ರ ಉಳಿಯುತ್ತದೆ. ಮಣಿಗಳ ಮೇಲಿನ ಹೊಳಪೂ ಇದರಿಂದ ತುಸು ಕುಗ್ಗುವುದರಿಂದ, ನಕಲು ಪದರಕ್ಕೆ ಮಾಸ್ಕ್ (ಪದರದ ಬೇಡದ ಭಾಗವನ್ನು ಮರೆಮಾಡುವ ಮುಸುಕು) ಹಾಕಿ ಆಕಾಶದಂಚಿಗಷ್ಟೇ ಸೀಮಿತಗೊಳಿಸಿ, ಉಳಿದೆಡೆ ಕೆಳಗಿನ ಪದರದ ಶಾರ್ಪನ್ನನ್ನೇ ಉಳಿಸಿಕೊಳ್ಳುವುದು ಮೇಲು.