ಉಜ್ಬೆಕ್ ಬಜಾರಿನ ‘ಕಿಮ್ಮತ್’, ನಮ್ಮ ‘ಕಿಮ್ಮತ್ತು’: ಜೊತೆಗೆ ‘ರಸ್ತೆ’ ಬಗ್ಗೆ ಒಂದು ಪ್ರಶ್ನೆ

ಎಲ್ರಿಗೂ ನಮಸ್ಕಾರ. ಸಮರ್ಕಂದ್, ಬುಖಾರಾ ಸುತ್ತಾಡಿ ಬಂದು ಟಿಪ್ಪಣಿ ಬರೀತಾ ಇದೀನಿ, ಬಜಾರಿನ ಭಾಗದಲ್ಲಿ ಕೆಲವು ಪದ ಬಗೆಹರೀತಿಲ್ಲ, ತಿಳಿದವರು ಬಿಡಿಸಿ ಹೇಳ್ಬೇಕು.

ಮೊದಲನೇದು ಕಿಮ್ಮತ್. ಉಜ್ಬೆಕ್ ಭಾಷೇಲಿ ಇದಕ್ಕೆ ಬೆಲೆ ಅನ್ನೋ ಅರ್ಥ ಅಲ್ಲ, ‘ತುಟ್ಟಿ’ ಅಂತ. ಸಮರ್ಕಂದದಲ್ಲಿ ಬೀಬಿ ಖಾನಿಂ ಮಸೀದಿ ಪಕ್ಕದ ಸಿಯೋಬ್ ಬಜಾರಲ್ಲಿ ಒಣದ್ರಾಕ್ಷಿ ರಾಶಿ ಮುಂದೆ ನಿಂತ ಗಿರಾಕಿ ‘ಕಿಮ್ಮತ್’ ಅಂದ್ರೆ ರೇಟು ಕೇಳ್ತಿಲ್ಲ, ತುಟ್ಟಿಯಾಯ್ತು ಇಳಿಸು ಅಂತಿದಾನೆ, ಅಂಗಡಿಯವನು ‘ಅರ್ಜೋನ್’ ಅಂದ್ರೆ ಅಗ್ಗ ಅಂತ. ಬೆಲೆಗೆ ಅವರ ಪದ ನರ್ಖ್, ನಮ್ಮ ಹಳೇ ಕಾಗದಪತ್ರದ ‘ನಿರಖು’ ಇದೆಯಲ್ಲ, ಅದೇ! ಕಿಮ್ಮತ್ತಿನ ಮೂಲ ಅರಬ್ಬಿ, ಅಲ್ಲಿ ಬೆಲೆ, ಮೌಲ್ಯ ಅಂತ್ಲೇ ಅರ್ಥ, ಪಾರಸಿಯಿಂದ ಹಾದು ಎರಡೂ ಕಡೆ ಬಂದಿದೆ. ನಾವು ಹಳೇ ಅರ್ಥ ಬಿಟ್ಟಿಲ್ಲ, ಹುಬ್ಬಳ್ಳಿ ಕಡೆ ‘ಕಿಮ್ಮತ್ತು ಎಷ್ಟ್ರಿ’ ಅಂತ ಈಗ್ಲೂ ಕೇಳ್ತಾರೆ, ‘ನನ್ನ ಮಾತಿಗೆ ಕಿಮ್ಮತ್ತಿಲ್ಲ’ ಅಂತ ಮನುಷ್ಯರ ಮಾತಿಗೂ ಹಚ್ಚಿದೀವಿ. ಅವರಲ್ಲಿ ‘ಬೆಲೆಯುಳ್ಳದ್ದು’ ಅನ್ನೋದೇ ‘ಬೆಲೆ ಜಾಸ್ತಿ’ ಆಗಿರ್ಬೇಕು ಅಂತ ನನ್ನ ಊಹೆ, ಯಾಕಂದ್ರೆ ನಮ್ಮ ‘ಬೆಲೆಬಾಳುವ’ ಕೂಡ ಅದೇ ದಾರೀಲಿ ಹೋಗಿದೆ, ಬೆಲೆ ಅಂತೂ ಎಲ್ಲಕ್ಕೂ ಇರತ್ತೆ ಆದ್ರೆ ಬೆಲೆಬಾಳೋದು ಅಂದ್ರೆ ಹೆಚ್ಚಿನದ್ದು ಅಂತ್ಲೇ ತಾನೆ.

ಅಂದ ಹಾಗೆ ಅಲ್ಲಿ ಗಂಡಸು ವ್ಯಾಪಾರಿಯನ್ನ ಕರೆಯೋದು ‘ಅಕಾ’ ಅಂತ, ಅಣ್ಣ ಅನ್ನೋ ಅರ್ಥದಲ್ಲಿ. ನಮ್ಮ ಅಕ್ಕನಿಗೂ ಅದಕ್ಕೂ ನಂಟು ಹುಡುಕೋದು ಬೇಡ ಅಂತ ನನ್ನ ಅಭಿಪ್ರಾಯ.

ನನಗೆ ಹೆಚ್ಚು ಕಾಡ್ತಿರೋದು ‘ರಸ್ತಾ’. ಉಜ್ಬೆಕ್ ಬಜಾರಲ್ಲಿ ರಸ್ತಾ ಅಂದ್ರೆ ಓಡಾಡೋ ದಾರಿ ಅಲ್ಲ, ಅಂಗಡಿ ಸಾಲು. ಒಂದು ಸಾಲು ಪೂರ್ತಿ ನೋನ್, ಅಂದ್ರೆ ತಂದೂರಿನ ದುಂಡನೆ ರೊಟ್ಟಿ, ಅಂಚು ದಪ್ಪ, ನಡುವೆ ಚೆಕಿಚ್ ಅನ್ನೋ ಮುಳ್ಳಿನ ಅಚ್ಚು ಒತ್ತಿ ತಗ್ಗು ಮಾಡಿರ್ತಾರೆ, ಬೇಯುವಾಗ ಅಲ್ಲಿ ಉಬ್ಬಬಾರದು ಅಂತ. ಇನ್ನೊಂದು ಕಡೆ ಕುರ್ತ್, ಮೊಸರಿನ ನೀರು ಬಸಿದು ಉಪ್ಪು ಹಾಕಿ ಒಣಗಿಸಿದ ಬಿಳೀ ಉಂಡೆಗಳು, ಕಲ್ಲಿನ ಹಾಗೆ ಗಟ್ಟಿ. ಪಾರಸೀಲೂ ಬಜಾರಿನ ಒಂದೊಂದು ಕಸುಬಿನ ಸಾಲಿಗೆ ‘ರಾಸ್ತೆ’ ಅಂತಾರೆ, ನೆಟ್ಟಗಿರೋದು ಅನ್ನೋ ‘ರಾಸ್ತ್’ನಿಂದ ಬಂದದ್ದು. ಹಾಗಾದ್ರೆ ನಮ್ಮ ‘ರಸ್ತೆ’ಗೆ ಯಾವಾಗಾದ್ರೂ ಅಂಗಡಿಸಾಲು ಅನ್ನೋ ಅರ್ಥ ಇತ್ತಾ? ವಿಜಯಪುರ, ಬೀದರ್, ಕಲಬುರಗಿ ಕಡೆ ಹಿರಿಯರ ಮಾತಲ್ಲಿ ಕೇಳಿದೀರಾ, ಅಥವಾ ಹಳೇ ಕನ್ನಡ ದಾಖಲೆಗಳಲ್ಲಿ?

ಇನ್ನೊಂದು ಸಹಾಯ. ಬುಖಾರಾದಲ್ಲಿ ಬೀದಿಗಳು ಕೂಡೋ ಕಡೆ 16ನೇ ಶತಮಾನದಲ್ಲಿ ಕಟ್ಟಿದ ಗುಮ್ಮಟದ ಮಾರುಕಟ್ಟೆಗಳಿವೆ, ಹೆಸರು ‘ತೋಕಿ’ಯಿಂದ ಶುರು. ತೋಕಿ ಜರ್ಗರೋನ್ ಅಕ್ಕಸಾಲಿಗರದ್ದು, ತೋಕಿ ಸರ್ರೋಫೋನ್ ನಾಣ್ಯ ಬದಲಿಸೋ ಸರಾಫರದ್ದು. ಎರಡನೇದಕ್ಕೆ ನಾನು ‘ಚಿನಿವಾರ ಕಟ್ಟೆ’ ಅಂತ ಬರ್ದಿದೀನಿ, ಚಿನಿವಾರ ಅನ್ನೋದ್ರಲ್ಲಿ ಚಿನ್ನವೂ ನಾಣ್ಯವೂ ಎರಡೂ ಬರತ್ತೆ, ಹಾಗಾಗಿ ಸರಾಫ್ ಬಜಾರ್‌ಗಿಂತ ಇದೇ ಇಷ್ಟ ಆಯ್ತು. ತೋಕಿಗೆ ಮಾತ್ರ ‘ಗುಮ್ಮಟದ ಚೌಕ’ ಬಿಟ್ಟು ಬೇರೆ ಹೊಳೀತಿಲ್ಲ. ಇನ್ನೂ ಹೊಂದೋ ಪದ ಇದ್ರೆ ದಯವಿಟ್ಟು ತಿಳಿಸಿ, ಪ್ರಯೋಗದ ಉದಾಹರಣೆ ಜೊತೆಗಿದ್ರೆ ಇನ್ನೂ ಒಳ್ಳೇದು.